ಕಾವಲು ತಂತ್ರಾಂಶದ ಕೈಗೆ ಎಷ್ಟು ಅಧಿಕಾರ ಕೊಡಬೇಕು

ಸರ್ವರ್ ಒಂದರಲ್ಲಿರುವ ಕಡತಗಳು ನಮಗೆ ತಿಳಿಯದಂತೆ ಬದಲಾಗಿವೆಯೇ ಎಂದು ಹೇಳಬೇಕಾದ ತಂತ್ರಾಂಶ ಆ ಯಂತ್ರದ ಎಲ್ಲ ಕಡತಗಳನ್ನೂ ಓದಬೇಕಾಗುತ್ತದೆ. ಎಲ್ಲವನ್ನೂ ಓದಬೇಕಾದರೆ ಅದನ್ನು ರೂಟ್ ಆಗಿ, ಅಂದರೆ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆಯಲ್ಲಿ, ಓಡಿಸಬೇಕು ಎಂಬುದು ವಾಡಿಕೆಯ ಉತ್ತರ. ಆದರೆ ಅದೇ ಯಂತ್ರದಲ್ಲಿ ಖಾತೆ ಇರುವ ಯಾರು ಬೇಕಾದರೂ ತಮಗೆ ತೋಚಿದ ಹೆಸರಿನಲ್ಲಿ, ತೋಚಿದ ರೂಪದಲ್ಲಿ ಕಡತ ಸೃಷ್ಟಿಸಬಹುದು. ಅಂಥ ಕಡತಗಳನ್ನೆಲ್ಲ ಪ್ರತಿ ರಾತ್ರಿ ರೂಟ್ ಅಧಿಕಾರದಲ್ಲಿ ತೆರೆದು ನೋಡುವ ಪ್ರೋಗ್ರಾಂ ದಾಳಿಕೋರರಿಗೆ ತಾನಾಗಿಯೇ ಒಂದು ದಾರಿ ಮಾಡಿಕೊಟ್ಟಂತಾಗುತ್ತದೆ. ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗಾಗಿ ಕಡತಗಳ ಸಮಗ್ರತೆಯನ್ನು ಪರೀಕ್ಷಿಸುವ ಸಣ್ಣ ತಂತ್ರಾಂಶವೊಂದನ್ನು ಬರೆದು, ಡೆಬಿಯನ್ ಭಂಡಾರಕ್ಕೆ (ಅದರ ಬಳಕೆದಾರರು ತಂತ್ರಾಂಶಗಳನ್ನು ತರಿಸಿಕೊಳ್ಳುವ ಸಂಗ್ರಹಕ್ಕೆ) ಸೇರಿಸಿ, ಅಲ್ಲಿಂದೀಚೆಗೆ ನಿರ್ವಹಿಸಿಕೊಂಡು ಬರುತ್ತಿರುವ ನನ್ನ ಶ್ರಮದ ಬಹುಪಾಲು ಈ ಒಂದು ತೊಡಕನ್ನು ಬಿಡಿಸುವುದಕ್ಕೇ ಹೋಗಿದೆ. ಆ ಕೆಲಸ ಹೇಗೆ ನಡೆಯಿತು, ಯಾವ ಯಾವ ನಿರ್ಧಾರಗಳನ್ನು ಏಕೆ ತೆಗೆದುಕೊಳ್ಳಬೇಕಾಯಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕಡತಗಳ ಮೇಲೆ ಕಣ್ಣಿಡುವ ಕಲ್ಪನೆ ಹಳೆಯದು. 1992ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜೀನ್ ಕಿಮ್ ಮತ್ತು ಜೀನ್ ಸ್ಪಾಫರ್ಡ್ ಟ್ರಿಪ್‌ವೈರ್ ರೂಪಿಸಿದರು. ಅದರ ಮುಕ್ತ ಪರ್ಯಾಯವಾಗಿ 1999ರಲ್ಲಿ ಏಡ್ ಎಂಬ ತಂತ್ರಾಂಶ ಬಂತು. ಎರಡರ ವಿಧಾನವೂ ಒಂದೇ: ಯಂತ್ರ ಶುದ್ಧವಾಗಿದ್ದಾಗ ಪ್ರತಿ ಕಡತದ ಹ್ಯಾಶ್ (ಕಡತದ ಒಳಗಿನದರಿಂದ ಲೆಕ್ಕಹಾಕಿದ, ಒಳಗಿನದು ಬದಲಾದರೆ ತಾನೂ ಬದಲಾಗುವ ಸಣ್ಣ ಗುರುತು) ತೆಗೆದು ಪಟ್ಟಿ ಮಾಡಿಟ್ಟುಕೊಳ್ಳುವುದು, ಆಮೇಲೆ ಆಗಾಗ ಮತ್ತೆ ಹ್ಯಾಶ್ ತೆಗೆದು ಹೋಲಿಸುವುದು. ನಾನು ಹುಬ್ಬಳ್ಳಿಯಲ್ಲಿ ಕೆಲವು ಸಣ್ಣ ಸಂಸ್ಥೆಗಳ ಸರ್ವರ್‌ಗಳನ್ನು ನೋಡಿಕೊಳ್ಳುವ ವೃತ್ತಿಯಲ್ಲಿದ್ದೇನೆ. ಏಡ್ ಅನ್ನು ವರ್ಷಗಟ್ಟಲೆ ಬಳಸಿದ್ದೇನೆ, ಇಂದಿಗೂ ಅದರ ಬಗ್ಗೆ ಗೌರವವಿದೆ. ಕೊರತೆ ಕಂಡದ್ದು ಬೇರೆ ಕಡೆ. ಭದ್ರತಾ ಅಪ್‌ಡೇಟ್ ಹಾಕಿದ ಮರುದಿನ ವರದಿಯಲ್ಲಿ ನೂರಾರು ಸಾಲುಗಳು ಬಂದು ಬೀಳುತ್ತವೆ. ಅವುಗಳಲ್ಲಿ ಬಹುತೇಕ ಎಲ್ಲವೂ ನಾವೇ ಹಾಕಿದ ಹೊಸ ಪ್ಯಾಕೇಜುಗಳಿಂದ, ಅಂದರೆ ತಂತ್ರಾಂಶಗಳ ಕಟ್ಟುಗಳಿಂದ, ಆದ ಬದಲಾವಣೆಗಳು. ಒಂದೆರಡು ತಿಂಗಳಲ್ಲಿ ವರದಿಯನ್ನು ಓದುವವರು ಓದುವುದನ್ನೇ ನಿಲ್ಲಿಸಿಬಿಡುತ್ತಾರೆ, ಮತ್ತು ದಾಳಿಕೋರ ಬದಲಿಸಿದ ಒಂದು ಕಡತ ಇರುವುದಾದರೆ ಅದು ಆ ನೂರಾರು ಸಾಲುಗಳ ನಡುವೆಯೇ ಇರುತ್ತದೆ.

ಡೆಬಿಯನ್ ತನ್ನ ಪ್ರತಿ ಪ್ಯಾಕೇಜಿನ ಕಡತಗಳ ಎಂಡಿ5 ಎಂಬ ಬಗೆಯ ಹ್ಯಾಶ್‌ಗಳ ಪಟ್ಟಿಯನ್ನು ಯಂತ್ರದಲ್ಲೇ ಇಟ್ಟಿರುತ್ತದೆ, ಅದರೊಂದಿಗೆ ಹೋಲಿಸಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಎಂಡಿ5 ಹಳೆಯ ಹ್ಯಾಶ್ ಎಂಬುದು ಇಲ್ಲಿ ಮುಖ್ಯ ಆಕ್ಷೇಪವಲ್ಲ. ಆ ಪಟ್ಟಿ ಅದೇ ಡಿಸ್ಕಿನಲ್ಲಿದೆ. ರೂಟ್ ಅಧಿಕಾರ ಪಡೆದು ಕಡತವನ್ನು ಬದಲಿಸಿದವರು ಪಟ್ಟಿಯನ್ನೂ ಬದಲಿಸಬಲ್ಲರು. ಆದ್ದರಿಂದ ಹೋಲಿಕೆ ಬೇರೊಂದು ಯಂತ್ರದಲ್ಲಿ ನಡೆಯಬೇಕು ಎಂದು ಮೊದಲೇ ತೀರ್ಮಾನಿಸಿದೆ. ಸರ್ವರ್‌ನಲ್ಲಿ ಇರುವ ಭಾಗ ಕಡತಗಳ ಹ್ಯಾಶ್ ತೆಗೆದು ಕೊಡುತ್ತದೆ, ಅಷ್ಟೇ. ಕಾವಲು ಯಂತ್ರ ಎಂದು ನಾವು ಕರೆಯುವ ಇನ್ನೊಂದು ಕಂಪ್ಯೂಟರ್, ಸರ್ವರ್‌ನಲ್ಲಿ ಯಾವ ಪ್ಯಾಕೇಜಿನ ಯಾವ ಆವೃತ್ತಿ ಇದೆ ಎಂದು ತಿಳಿದುಕೊಂಡು, ಆ ಪ್ಯಾಕೇಜನ್ನು ಡೆಬಿಯನ್ ಭಂಡಾರದಿಂದ ತಾನೇ ತರಿಸಿಕೊಳ್ಳುತ್ತದೆ. ಭಂಡಾರದ ರಿಲೀಸ್ ಕಡತಕ್ಕೆ ಡೆಬಿಯನ್ನಿನ ಡಿಜಿಟಲ್ ಸಹಿ ಇರುತ್ತದೆ. ರಿಲೀಸ್ ಕಡತದಲ್ಲಿ ಪ್ಯಾಕೇಜುಗಳ ಸೂಚಿಯ ಹ್ಯಾಶ್ ಇರುತ್ತದೆ. ಸೂಚಿಯಲ್ಲಿ ಪ್ರತಿ ಪ್ಯಾಕೇಜಿನ ಹ್ಯಾಶ್ ಇರುತ್ತದೆ. ಈ ಸರಪಳಿಯ ಪ್ರತಿ ಕೊಂಡಿಯನ್ನೂ ಪರೀಕ್ಷಿಸಿದ ಮೇಲೆ ಪ್ಯಾಕೇಜನ್ನು ಬಿಚ್ಚಿ ಒಳಗಿನ ಕಡತಗಳ ಹ್ಯಾಶ್ ತೆಗೆದರೆ, ಸರ್ವರ್‌ನಲ್ಲಿ ಬದಲಾದ ಕಡತ ಡೆಬಿಯನ್ ಕೊಟ್ಟದ್ದೇ ಅಥವಾ ಬೇರೆಯವರು ಇಟ್ಟದ್ದೇ ಎಂದು ಹೇಳಬಹುದು. ಅಪ್‌ಡೇಟ್‌ನಿಂದಾದ ನೂರಾರು ಬದಲಾವಣೆಗಳು ವರದಿಯಲ್ಲಿ ಒಂದೇ ಸಾಲಿಗೆ ಇಳಿಯುತ್ತವೆ.

ಎಲ್ಲವೂ ಇಳಿಯುವುದಿಲ್ಲ. ಪ್ಯಾಕೇಜ್ ಹಾಕುವಾಗ ಯಂತ್ರದಲ್ಲೇ ತಯಾರಾಗುವ ಕಡತಗಳು ಯಾವ ಪ್ಯಾಕೇಜಿನ ಒಳಗೂ ಇರುವುದಿಲ್ಲ: ಪೈಥಾನ್ ಕೋಡಿನ ಸಂಕಲಿತ ರೂಪ, ಲೈಬ್ರರಿಗಳ ಕ್ಯಾಶ್, ಮುಖ್ಯವಾಗಿ ಬೂಟ್ ಆಗುವಾಗ ಬಳಕೆಯಾಗುವ ಇನಿಟ್‌ರಾಮ್‌ಎಫ್‌ಎಸ್. ಇನಿಟ್‌ರಾಮ್‌ಎಫ್‌ಎಸ್ ದಾಳಿಕೋರರಿಗೆ ಅತ್ಯಂತ ಅನುಕೂಲದ ಜಾಗ, ಮತ್ತು ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಅಪ್‌ಡೇಟ್ ಬಂದಾಗಲೆಲ್ಲ ಅದು ಹೊಸದಾಗಿ ಹುಟ್ಟುತ್ತದೆ. ಇದನ್ನು ಸರಿ ಎಂದೂ ತಪ್ಪು ಎಂದೂ ಹೇಳಲು ನಮ್ಮ ತಂತ್ರಾಂಶಕ್ಕೆ ಆಧಾರವಿಲ್ಲ. ಹಾಗಾಗಿ ಇಂಥವುಗಳನ್ನು ಪ್ರತ್ಯೇಕ ಶೀರ್ಷಿಕೆಯಡಿ, ಪರಿಶೀಲಿಸಲಾಗದವು ಎಂದೇ ವರದಿ ಮಾಡುತ್ತೇವೆ. ಇವನ್ನು ಮರೆಮಾಡಲು ಒಂದು ಆಯ್ಕೆ ಕೊಡಿ ಎಂಬ ಬೇಡಿಕೆ ಹಲವು ಬಾರಿ ಬಂದಿದೆ. ಕೊಟ್ಟಿಲ್ಲ, ಕೊಡುವ ಇರಾದೆಯೂ ಇಲ್ಲ.

ಕೋಡ್ ಬರೆಯಲು ಕೂರುವ ಮುನ್ನ ಇಂಥದೇ ಉದ್ದೇಶದ ಬೇರೆ ತಂತ್ರಾಂಶಗಳಲ್ಲಿ ಕಂಡುಬಂದ ದೋಷಗಳನ್ನು ಹುಡುಕಿ ಓದಿದೆ. ಅವುಗಳಲ್ಲಿ ಒಂದು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ. ಯಂತ್ರದಲ್ಲಿ ರೂಟ್‌ಕಿಟ್ (ದಾಳಿಕೋರರು ತಮ್ಮ ಇರವನ್ನು ಮರೆಮಾಡಲು ಬಳಸುವ ತಂತ್ರಾಂಶ) ಅಡಗಿದೆಯೇ ಎಂದು ಹುಡುಕುವ ಚೆಕ್‌ರೂಟ್‌ಕಿಟ್ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಶೆಲ್ ಎಂಬ ಆಜ್ಞೆ ಓದುವ ಪ್ರೋಗ್ರಾಂ ಸಾಲು ಸಾಲಾಗಿ ನಡೆಸುವ ಆಜ್ಞೆಗಳ ಕಡತ. ಸ್ಲ್ಯಾಪರ್ ಎಂಬ ಹಳೆಯ ಹುಳುವನ್ನು (ತಾನಾಗಿಯೇ ಹರಡುವ ಹಾನಿಕಾರಕ ಪ್ರೋಗ್ರಾಂ ಅನ್ನು) ಹುಡುಕುವ ಅದರ ಭಾಗದಲ್ಲಿ, ಸಂಶಯಾಸ್ಪದ ಕಡತದ ಹೆಸರನ್ನು ಒಂದು ಪಟ್ಟಿಗೆ ಸೇರಿಸುವ ಸಾಲಿನಲ್ಲಿ, ಉದ್ಧರಣ ಚಿಹ್ನೆಗಳ ಒಂದು ಜೋಡಿ ಬಿಟ್ಟುಹೋಗಿತ್ತು. ಚಿಹ್ನೆ ಇದ್ದರೆ ಆ ಸಾಲಿನ ಅರ್ಥ ಹಳೆಯ ಪಟ್ಟಿಯ ಕೊನೆಗೆ ಹೊಸ ಹೆಸರನ್ನು ಸೇರಿಸು ಎಂದು. ಚಿಹ್ನೆ ಇಲ್ಲದಿದ್ದರೆ ಶೆಲ್ ಅದನ್ನು, ಪಟ್ಟಿಯನ್ನು ತಾತ್ಕಾಲಿಕವಾಗಿ ಹೊಂದಿಸಿಕೊಂಡು ಆ ಹೆಸರಿನ ಕಡತವನ್ನು ಓಡಿಸು ಎಂದು ಓದಿಕೊಳ್ಳುತ್ತದೆ. ಹುಡುಕುವ ಹೆಸರುಗಳಲ್ಲಿ ಟೆಂಪ್ ಡೈರೆಕ್ಟರಿಯಲ್ಲಿನ ಅಪ್‌ಡೇಟ್ ಎಂಬ ಕಡತವೂ ಒಂದು, ಮತ್ತು ಟೆಂಪ್ ಡೈರೆಕ್ಟರಿಯಲ್ಲಿ ಯಾರು ಬೇಕಾದರೂ ಬರೆಯಬಹುದು. ಸಾಮಾನ್ಯ ಬಳಕೆದಾರರೊಬ್ಬರು ಅಲ್ಲಿ ಆ ಹೆಸರಿನಲ್ಲಿ ತಮ್ಮ ಪ್ರೋಗ್ರಾಂ ಇಟ್ಟು ಕಾದರೆ ಸಾಕು, ಚೆಕ್‌ರೂಟ್‌ಕಿಟ್ ತನ್ನ ಸರದಿಯಲ್ಲಿ ಬಂದು ಅದನ್ನು ರೂಟ್ ಆಗಿ ಓಡಿಸುತ್ತಿತ್ತು. 2014ರಲ್ಲಿ ಬೆಳಕಿಗೆ ಬಂದು ಸರಿಯಾದ ಈ ದೋಷ, ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಏನೆಂದು ತೋರಿಸುತ್ತದೆ. ಇದು ಒಬ್ಬರ ಅಜಾಗರೂಕತೆಯ ಪ್ರಶ್ನೆಯಲ್ಲ; ಶೆಲ್‌ನಲ್ಲಿ ಬರೆದ, ರೂಟ್ ಆಗಿ ಓಡುವ, ಅಪರಿಚಿತರ ಕಡತಗಳನ್ನು ಮುಟ್ಟುವ ಯಾವ ಪ್ರೋಗ್ರಾಂನಲ್ಲೂ ಇದು ಆಗಬಹುದಿತ್ತು. ಹತ್ತು ವರ್ಷಗಳ ನಂತರ, 2024ರ ನವೆಂಬರ್‌ನಲ್ಲಿ, ಅಪ್‌ಡೇಟ್ ಆದ ಮೇಲೆ ಯಾವ ಸೇವೆಗಳನ್ನು ಮರುಪ್ರಾರಂಭಿಸಬೇಕೆಂದು ಹೇಳುವ ನೀಡ್‌ರೀಸ್ಟಾರ್ಟ್‌ನಲ್ಲಿ ಕ್ವಾಲಿಸ್ ಸಂಸ್ಥೆಯವರು ಕಂಡುಹಿಡಿದ ದೋಷಗಳೂ ಇದೇ ಜಾತಿಯವು: ಅದು ರೂಟ್ ಆಗಿ ಓಡುತ್ತಿದ್ದಾಗ, ಸಾಮಾನ್ಯ ಬಳಕೆದಾರನ ಪ್ರೋಸೆಸ್‌ನಿಂದ (ಓಡುತ್ತಿರುವ ಪ್ರೋಗ್ರಾಂನಿಂದ) ಪೈಥಾನ್‌ನ ಹುಡುಕು ದಾರಿಯನ್ನು (ಪೈಥಾನ್ ತನಗೆ ಬೇಕಾದ ಕೋಡನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿಯನ್ನು) ಓದಿಕೊಂಡು, ಅದೇ ದಾರಿಯನ್ನು ನಂಬಿ ಪೈಥಾನ್ ಅನ್ನು ಓಡಿಸುತ್ತಿತ್ತು.

ಹಾಗಾಗಿ ನಮ್ಮ ತಂತ್ರಾಂಶವನ್ನು ಮೊದಲ ಸಾಲಿನಿಂದಲೇ ಹಲವು ಪ್ರೋಸೆಸ್‌ಗಳಾಗಿ ಒಡೆದೆ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ 2002ರಿಂದ ಅನುಸರಿಸುತ್ತಿರುವ ಅಧಿಕಾರ ವಿಭಜನೆಯೇ ಇದಕ್ಕೆ ಮಾದರಿ. ಸರ್ವರ್‌ನಲ್ಲಿ ಕಡತ ಓದುವ ಪ್ರೋಸೆಸ್ ರೂಟ್ ಆಗಿ ಓಡುವುದಿಲ್ಲ. ತನ್ನದೇ ಬಳಕೆದಾರ ಖಾತೆಯಲ್ಲಿ, ಯಾವ ಕಡತವನ್ನಾದರೂ ಓದಲು ಬಿಡುವ ಒಂದೇ ಒಂದು ಕೇಪಬಿಲಿಟಿಯೊಂದಿಗೆ (ರೂಟ್ ಅಧಿಕಾರದ ಬಿಡಿ ತುಣುಕಿನೊಂದಿಗೆ) ಓಡುತ್ತದೆ. ಬರೆಯುವ ಅಧಿಕಾರವಿಲ್ಲ, ಬೇರೆ ಪ್ರೋಗ್ರಾಂ ಓಡಿಸುವ ಅಧಿಕಾರವಿಲ್ಲ, ನೆಟ್‌ವರ್ಕ್ ಇಲ್ಲ. ಆದರೂ ಆ ಒಂದು ಕೇಪಬಿಲಿಟಿಯೇ ಸಣ್ಣದಲ್ಲ. ಅದು ಇದ್ದವರು ಪಾಸ್‌ವರ್ಡ್ ಹ್ಯಾಶ್‌ಗಳ ಕಡತವನ್ನೂ ಓದಬಲ್ಲರು. ಜೊತೆಗೆ, ಕಡತವನ್ನು ಹೆಸರಿನ ಬದಲು ಅದರ ಆಂತರಿಕ ಗುರುತಿನಿಂದ ತೆರೆಯುವ ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಸಲ್ಲಿಸುವ ಕೋರಿಕೆ) ಒಂದು ಇದೇ ಕೇಪಬಿಲಿಟಿಯ ಮೇಲೆ ನಿಂತಿದೆ. 2014ರಲ್ಲಿ ಡಾಕರ್ ಕಂಟೇನರ್‌ನ (ಪ್ರೋಗ್ರಾಂಗಳನ್ನು ಪ್ರತ್ಯೇಕವಾಗಿ ಓಡಿಸುವ ಆವರಣದ) ಒಳಗಿನಿಂದ ಹೊರಗಿನ ಯಂತ್ರದ ಕಡತಗಳನ್ನು ಓದಿ ತೋರಿಸಿದವರು ಬಳಸಿದ್ದು ಅದನ್ನೇ. ಆದ್ದರಿಂದ, ಪ್ರೋಸೆಸ್ ಯಾವ ಸಿಸ್ಟಮ್ ಕಾಲ್‌ಗಳನ್ನು ಬಳಸಬಹುದು ಎಂದು ಮಿತಿ ಹಾಕುವ ಸೆಕಾಂಪ್ ಸೋಸುಕದಲ್ಲಿ ಆ ಕಾಲ್ ಅನ್ನು ಹೆಸರು ಹಿಡಿದು ನಿಷೇಧಿಸಿದ್ದೇನೆ. ಓದುವ ಪ್ರೋಸೆಸ್‌ನಿಂದ ಹೊರಬರುವುದು ಪೈಪ್ (ಒಂದು ಪ್ರೋಸೆಸ್‌ನಿಂದ ಇನ್ನೊಂದಕ್ಕೆ ಬೈಟ್ ಸಾಗಿಸುವ ನಾಳ) ಮೂಲಕ ಹಾದಿ, ಗುಣಲಕ್ಷಣ ಮತ್ತು ಹ್ಯಾಶ್ ಮಾತ್ರ, ಕಡತದ ಒಳಗಿನದು ಒಂದು ಬೈಟ್ ಕೂಡ ಅಲ್ಲ.

ಕಡತ ತೆರೆಯುವುದು ಎಂಬ ಒಂದು ಹೆಜ್ಜೆಯ ಬಗ್ಗೆಯೇ ಒಂದಿಡೀ ಮಳೆಗಾಲ ಕೆಲಸ ಮಾಡಿದ್ದೇನೆ ಎಂದರೆ ಅತಿಶಯೋಕ್ತಿಯಲ್ಲ. ಬಳಕೆದಾರರೊಬ್ಬರು ತಮ್ಮ ಡೈರೆಕ್ಟರಿಯಲ್ಲಿ ಸಾಮಾನ್ಯ ಕಡತದ ಜಾಗದಲ್ಲಿ ಹೆಸರುಳ್ಳ ಪೈಪ್ ಒಂದನ್ನು ಇಟ್ಟರೆ, ಅದನ್ನು ತೆರೆಯಲು ಹೋದ ಪ್ರೋಸೆಸ್ ಇನ್ನೊಂದು ತುದಿಯಲ್ಲಿ ಯಾರಾದರೂ ಬರೆಯಲು ತೆರೆಯುವವರೆಗೆ ಅಲ್ಲೇ ನಿಂತುಬಿಡುತ್ತದೆ. ಕಾವಲನ್ನು ನಿಲ್ಲಿಸಲು ಅಷ್ಟೇ ಸಾಕು. ಸಾಧನಗಳ ಕಡತಗಳಾದರೆ ತೆರೆಯುವುದೇ ಒಂದು ಕ್ರಿಯೆಯಾಗಬಹುದು. ಇನ್ನು ಬೇರೊಂದು ಕಡತದತ್ತ ಬೆರಳು ಮಾಡುವ ಕೊಂಡಿ ಕಡತಗಳ ಸಮಸ್ಯೆ: ಇದು ಸಾಮಾನ್ಯ ಕಡತವೇ ಎಂದು ಪರೀಕ್ಷಿಸುವುದಕ್ಕೂ ಅದನ್ನು ತೆರೆಯುವುದಕ್ಕೂ ನಡುವಿನ ಕ್ಷಣದಲ್ಲಿ ಅದರ ಜಾಗಕ್ಕೆ ಬೇರೆಡೆಗೆ ಒಯ್ಯುವ ಕೊಂಡಿಯನ್ನು ಇಟ್ಟರೆ, ಪರೀಕ್ಷಿಸಿದ್ದು ಒಂದು, ಓದಿದ್ದು ಇನ್ನೊಂದು ಆಗುತ್ತದೆ. 2020ರ ಲಿನಕ್ಸ್ 5.6ರಲ್ಲಿ ಬಂದ ಕಡತ ತೆರೆಯುವ ಓಪನ್‌ಎಟ್ ಸಿಸ್ಟಮ್ ಕಾಲ್‌ನ ಎರಡನೆಯ ರೂಪ ಇದಕ್ಕೆ ನೇರ ಪರಿಹಾರ ಕೊಟ್ಟಿತು. ಹಾದಿಯ ಯಾವ ಹಂತದಲ್ಲೂ ಕೊಂಡಿಯನ್ನು ಅನುಸರಿಸಬೇಡ ಎಂದು ಕರ್ನಲ್‌ಗೇ ಹೇಳಬಹುದು. ನಾವು ಮೊದಲು ಕಡತವನ್ನು ಓದುವ ಹಕ್ಕಿಲ್ಲದೆ, ಗುರುತಿಗಷ್ಟೇ ಹಿಡಿದುಕೊಂಡು, ಅದು ಸಾಮಾನ್ಯ ಕಡತ ಎಂದು ಖಚಿತವಾದ ಮೇಲೆ ಆ ಹಿಡಿತದ ಮೂಲಕವೇ ಓದಲು ಮತ್ತೆ ತೆರೆಯುತ್ತೇವೆ. ಹೆಸರನ್ನು ಎರಡನೆಯ ಬಾರಿ ಬಳಸುವ ಪ್ರಮೇಯವೇ ಬರುವುದಿಲ್ಲ.

ಕಡತದ ಹೆಸರಿನ ವಿಷಯವನ್ನೂ ಹೇಳಬೇಕು. ಲಿನಕ್ಸ್‌ನಲ್ಲಿ ಓರೆಗೆರೆ ಮತ್ತು ಶೂನ್ಯ ಬೈಟ್ ಬಿಟ್ಟು ಬೇರೆ ಯಾವ ಬೈಟ್ ಬೇಕಾದರೂ ಹೆಸರಿನಲ್ಲಿರಬಹುದು, ಹೊಸ ಸಾಲಿನ ಗುರುತೂ ಸೇರಿದಂತೆ. ಹೆಸರಿನ ನಡುವೆ ಹೊಸ ಸಾಲು ಹಾಕಿ, ಅದರ ಮುಂದೆ ಎಲ್ಲವೂ ಸರಿಯಿದೆ ಎಂಬ ವರದಿಯ ಸಾಲನ್ನೇ ಬರೆದಿಟ್ಟರೆ, ಹೆಸರನ್ನು ಹಾಗೆಯೇ ಮುದ್ರಿಸುವ ತಂತ್ರಾಂಶದ ವರದಿಯಲ್ಲಿ ದಾಳಿಕೋರ ಬರೆದ ಸಾಲು ನಮ್ಮ ಸಾಲಿನಂತೆಯೇ ಕಾಣುತ್ತದೆ. ಟರ್ಮಿನಲ್‌ನ ನಿಯಂತ್ರಣ ಸಂಕೇತಗಳನ್ನು ಹೆಸರಿನಲ್ಲಿ ಇಟ್ಟರೆ ಮೇಲಿನ ಸಾಲುಗಳನ್ನು ಅಳಿಸಿಯೂ ಬಿಡಬಹುದು. ನಮ್ಮ ವರದಿಯಲ್ಲಿ ನಿಯಂತ್ರಣ ಸಂಕೇತಗಳೆಲ್ಲ ಸಂಖ್ಯಾರೂಪದಲ್ಲೇ ಬರುತ್ತವೆ. ಕನ್ನಡ ಹೆಸರಿನ ಕಡತಗಳನ್ನು ಮಾತ್ರ ಅಕ್ಷರಗಳಲ್ಲೇ ತೋರಿಸಬೇಕು ಎಂದು ಹಟ ಹಿಡಿದು, ಸರಿಯಾದ ಯುಟಿಎಫ್-8 (ಎಲ್ಲ ಲಿಪಿಗಳ ಅಕ್ಷರಗಳನ್ನು ಬೈಟ್‌ಗಳಲ್ಲಿ ಬರೆಯುವ ಕ್ರಮ) ಎಂದು ಖಚಿತವಾದದ್ದನ್ನು ಹಾಗೆಯೇ ಬಿಡುವ ವ್ಯವಸ್ಥೆ ಮಾಡಿದೆ. ಕಣ್ಣಿಗೆ ಕಾಣದಂತೆ ಜೋಡಣೆಯನ್ನು ನಿಯಂತ್ರಿಸುವ ಅಕ್ಷರಗಳು ಬಂದರೆ ಅವು ಅಲ್ಲಿ ಇವೆಯೆಂದು ವರದಿ ಗುರುತು ಹಾಕುತ್ತದೆ.

ವೇಗದ ಬಗ್ಗೆ ಒಂದು ಚರ್ಚೆ ಪದೇ ಪದೇ ಏಳುತ್ತದೆ. ಕಡತದ ಗಾತ್ರ, ಸಮಯಗಳು ಬದಲಾಗಿಲ್ಲವಾದರೆ ಹ್ಯಾಶ್ ಏಕೆ ತೆಗೆಯಬೇಕು ಎಂದು. ಕೊನೆಯ ಬಾರಿ ಬರೆದ ಸಮಯವನ್ನು ಕಡತದ ಒಡೆಯರು ಒಂದು ಆಜ್ಞೆಯಲ್ಲಿ ಬೇಕಾದಂತೆ ಬದಲಿಸಬಹುದು. ಒಳವಿವರ ಬದಲಾದ ಸಮಯವನ್ನು ಹಾಗೆ ನೇರವಾಗಿ ಬದಲಿಸಲು ಬರುವುದಿಲ್ಲ, ನಿಜ. ಆದರೆ ರೂಟ್ ಆದವರು ಯಂತ್ರದ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಬಲ್ಲರು, ಅಥವಾ ಫೈಲ್ ಸಿಸ್ಟಮ್ ಅನ್ನು ಬದಿಗಿಟ್ಟು ಡಿಸ್ಕಿಗೇ ನೇರವಾಗಿ ಬರೆಯಬಲ್ಲರು. ಆದ್ದರಿಂದ ಪೂರ್ತಿ ಓದುವುದನ್ನೇ ಉಳಿಸಿಕೊಂಡಿದ್ದೇವೆ. ನಿಧಾನವಾಗಿ, ಬೇರೆ ಕೆಲಸಗಳಿಗೆ ತೊಂದರೆಯಾಗದ ಆದ್ಯತೆಯಲ್ಲಿ ಓಡುತ್ತದೆ. ಕರ್ನಲ್ಲೇ ಕೈತಪ್ಪಿದ್ದರೆ ಇದ್ಯಾವುದೂ ಉಪಯೋಗಕ್ಕೆ ಬಾರದು, ಏಕೆಂದರೆ ಕರ್ನಲ್ ತೋರಿಸಿದ್ದನ್ನಷ್ಟೇ ನಾವು ಓದುವುದು. ಅಂಥ ಸಂದೇಹವಿದ್ದರೆ ಡಿಸ್ಕನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿ ಪರೀಕ್ಷಿಸಬೇಕೆಂದು ಕೈಪಿಡಿಯ ಮೊದಲ ಪುಟದಲ್ಲೇ ಬರೆದಿದ್ದೇನೆ.

ಕಾವಲು ಯಂತ್ರದ ಕಡೆ ಅಪಾಯ ಇನ್ನೊಂದು ರೂಪದಲ್ಲಿದೆ. ಡೆಬಿಯನ್ ಪ್ಯಾಕೇಜ್ ಎಂದರೆ ಹೊರಗೆ ಒಂದು ಎಆರ್ ಕಟ್ಟು, ಅದರೊಳಗೆ ಸಾಮಾನ್ಯವಾಗಿ ಎಕ್ಸ್‌ಜೆಡ್‌ನಿಂದ ಕುಗ್ಗಿಸಿದ ಟಾರ್ ಕಟ್ಟುಗಳು (ಎಆರ್ ಮತ್ತು ಟಾರ್ ಹಲವು ಕಡತಗಳನ್ನು ಒಂದಾಗಿ ಕಟ್ಟುವ ರೂಪಗಳು, ಎಕ್ಸ್‌ಜೆಡ್ ಗಾತ್ರ ಕುಗ್ಗಿಸುವ ತಂತ್ರಾಂಶ). ಮೂರು ಬಗೆಯ ರೂಪಗಳನ್ನು ಬಿಚ್ಚುವ ಕೋಡ್ ಬೇಕು, ಮತ್ತು ಭದ್ರತಾ ದೋಷಗಳ ಇತಿಹಾಸ ನೋಡಿದರೆ ಕಟ್ಟು ಬಿಚ್ಚುವ ಕೋಡ್‌ನಷ್ಟು ಬಾರಿ ಕೈಕೊಟ್ಟದ್ದು ಕಡಿಮೆ. ಸಹಿ ಪರೀಕ್ಷೆಯಾದ ಮೇಲೆಯೇ ಬಿಚ್ಚುತ್ತೇವಾದರೂ ಅದೊಂದನ್ನೇ ನೆಚ್ಚಿಕೊಳ್ಳಲಿಲ್ಲ. ಬಿಚ್ಚುವ ಪ್ರೋಸೆಸ್‌ಗೆ ತೆರೆದ ಕಡತವನ್ನು ಹೊರಗಿನಿಂದ ಕೊಟ್ಟು, ಆಮೇಲೆ ಅದನ್ನು ಸೆಕಾಂಪ್‌ನ ಅತ್ಯಂತ ಹಳೆಯ, ಅತ್ಯಂತ ಬಿಗಿಯಾದ ಸ್ಥಿತಿಗೆ ತಳ್ಳುತ್ತೇವೆ. 2005ರಲ್ಲಿ ಕರ್ನಲ್ 2.6.12ರೊಂದಿಗೆ ಬಂದ ಆ ಸ್ಥಿತಿಯಲ್ಲಿ ಪ್ರೋಸೆಸ್ ಓದಬಹುದು, ಬರೆಯಬಹುದು, ಸಿಗ್ನಲ್‌ನಿಂದ ಮರಳಬಹುದು, ಕೊನೆಗೊಳ್ಳಬಹುದು. ಬೇರೇನು ಮಾಡಹೊರಟರೂ ಕರ್ನಲ್ ಅದನ್ನು ಕೊಂದುಹಾಕುತ್ತದೆ. ಹೊಸದಾಗಿ ಮೆಮೊರಿ ಕೇಳುವಂತೆಯೂ ಇಲ್ಲ, ಹಾಗಾಗಿ ಬೇಕಾಗುವ ಮೆಮೊರಿಯನ್ನೆಲ್ಲ ಮೊದಲೇ ಪಡೆದುಕೊಂಡಿರಬೇಕು. ಇದಕ್ಕಾಗಿ ಕೋಡನ್ನು ತಿದ್ದಿ ಬರೆಯುವುದು ಕಷ್ಟವಾಯಿತು, ಆದರೆ ಇಡೀ ತಂತ್ರಾಂಶದಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟಿರುವ ಭಾಗ ಇದೇ.

ಬರೆದದ್ದು ರಸ್ಟ್ ಭಾಷೆಯಲ್ಲಿ. ಅಪರಿಚಿತ ಬೈಟ್‌ಗಳನ್ನು ಓದುವ ಪ್ರೋಗ್ರಾಂಗೆ ಮೆಮೊರಿ ಸುರಕ್ಷತೆ (ತನ್ನದಲ್ಲದ ಮೆಮೊರಿಯನ್ನು ಮುಟ್ಟುವ ತಪ್ಪುಗಳಿಗೆ ತಡೆ) ಇರುವ ಭಾಷೆ ಬೇಕು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ರಸ್ಟ್‌ನ ತೊಂದರೆ ಡೆಬಿಯನ್‌ಗೆ ಸೇರಿಸುವಾಗ ಕಂಡಿತು. ಡೆಬಿಯನ್‌ನಲ್ಲಿ ಪ್ಯಾಕೇಜ್ ಕಟ್ಟುವಾಗ ಇಂಟರ್‌ನೆಟ್‌ನಿಂದ ಏನನ್ನೂ ಇಳಿಸಿಕೊಳ್ಳುವಂತಿಲ್ಲ. ನಾವು ಅವಲಂಬಿಸುವ ಪ್ರತಿ ಕ್ರೇಟ್ (ರಸ್ಟ್‌ನ ಲೈಬ್ರರಿ) ಕೂಡ ತನ್ನದೇ ಪ್ಯಾಕೇಜ್ ಆಗಿ, ತನ್ನದೇ ಪರವಾನಗಿ ಪರಿಶೀಲನೆ ದಾಟಿ, ಭಂಡಾರದಲ್ಲಿ ಮೊದಲೇ ಇರಬೇಕು. ಆಜ್ಞಾಸಾಲನ್ನು ಅಂದವಾಗಿ ಓದಿಕೊಡುವ, ಬಣ್ಣ ಬಣ್ಣದ ವರದಿ ಮುದ್ರಿಸುವ ಕ್ರೇಟ್‌ಗಳನ್ನು ನಾನೂ ಎಲ್ಲರಂತೆ ಬಳಸಿದ್ದೆ; ಒಂದೊಂದರ ಬೆನ್ನಿಗೆ ಇನ್ನಷ್ಟು ಕ್ರೇಟ್‌ಗಳ ಸಾಲೇ ಇತ್ತು. ಅವುಗಳನ್ನೆಲ್ಲ ತೆಗೆದು, ಹ್ಯಾಶ್ ಲೆಕ್ಕ ಹಾಕುವಂಥ ಅನಿವಾರ್ಯವಾದ ಕೆಲವನ್ನಷ್ಟೇ ಉಳಿಸಿದೆ. ಡೆಬಿಯನ್ನಿನ ಈ ನಿಯಮವನ್ನು ಹಲವರು ಹಳೆಯ ಕಾಲದ್ದೆಂದು ದೂರುತ್ತಾರೆ. ನನ್ನ ಅನುಭವದಲ್ಲಿ ಅದು ಉಪಕಾರವನ್ನೇ ಮಾಡಿದೆ: ನನ್ನ ತಂತ್ರಾಂಶದ ಒಳಗೆ ಯಾರ ಯಾರ ಕೋಡ್ ಓಡುತ್ತದೆ ಎಂದು ನಾನು ಮೊದಲ ಬಾರಿಗೆ ಪೂರ್ತಿ ಓದಿದ್ದು ಆ ನಿಯಮದಿಂದಾಗಿ.

ಡೆಬಿಯನ್ ಸೇರುವ ವಿಧಿಗಳು ನಿಧಾನವಾದವು. ಇಂಥ ಪ್ಯಾಕೇಜ್ ಮಾಡುವ ಉದ್ದೇಶವಿದೆ ಎಂದು ಮೊದಲು ದೋಷ ದಾಖಲಾತಿ ವ್ಯವಸ್ಥೆಯಲ್ಲಿ ಘೋಷಿಸಬೇಕು, ಅದರಿಂದ ಇಬ್ಬರು ಒಂದೇ ಕೆಲಸ ಮಾಡುವುದು ತಪ್ಪುತ್ತದೆ. ಪ್ಯಾಕೇಜ್ ಕಟ್ಟಿದ ಮೇಲೆ ಲಿಂಟಿಯನ್ ಎಂಬ ಪರೀಕ್ಷಕ ಎತ್ತುವ ತಕರಾರುಗಳನ್ನು ತೀರಿಸಬೇಕು. ಹೊಸಬರಿಗೆ ನೇರವಾಗಿ ಅಪ್‌ಲೋಡ್ ಮಾಡುವ ಹಕ್ಕಿಲ್ಲ. ಡೆಬಿಯನ್ ಡೆವಲಪರ್ ಒಬ್ಬರು ಪ್ಯಾಕೇಜನ್ನು ಪರಿಶೀಲಿಸಿ ತಮ್ಮ ಸಹಿಯೊಂದಿಗೆ ಕಳುಹಿಸಬೇಕು. ನನ್ನ ಕೆಲಸವನ್ನು ನೋಡಲು ಒಪ್ಪಿದ ಡೆವಲಪರ್ ಬೆಂಗಳೂರಿನಲ್ಲಿದ್ದರು. ಅವರು ಕೋಡನ್ನು ಹೊಗಳಲಿಲ್ಲ, ತೆಗಳಲಿಲ್ಲ. "ಇದನ್ನು ಬರೆದದ್ದು ನೀವು, ಸರಿ. ಐದು ವರ್ಷ ಆದಮೇಲೆ ಸ್ಟೇಬಲ್ ಆವೃತ್ತಿಯಲ್ಲಿ ಒಂದು ದೋಷ ಬಂದರೆ ಅದಕ್ಕೆ ಪ್ಯಾಚ್ ಮಾಡೋರು ಯಾರು, ಅದನ್ನು ಹೇಳಿ" ಎಂದರು. ನಾನೇ ಮಾಡುತ್ತೇನೆ ಸರ್ ಎಂದೆ. "ನೀವು ಇಲ್ಲದಿದ್ದರೆ?" ಎಂದು ಕೇಳಿದರು. ಆ ಪ್ರಶ್ನೆಗೆ ಆಗ ನನ್ನ ಬಳಿ ಉತ್ತರವಿರಲಿಲ್ಲ. ನನ್ನ ಗುರುತಿನ ಚೀಟಿಯನ್ನು ನೋಡಿ, ಡಿಜಿಟಲ್ ಸಹಿಗೆ ಬಳಸುವ ನನ್ನ ಪಿಜಿಪಿ ಕೀಲಿಯ ಬೆರಳಚ್ಚಿನ (ಗುರುತುಸಂಖ್ಯೆಯ) 40 ಅಂಕಾಕ್ಷರಗಳನ್ನು ಗಟ್ಟಿಯಾಗಿ ಓದಿಸಿ, ತಮ್ಮ ಕಾಗದದೊಂದಿಗೆ ತಾಳೆ ನೋಡಿಕೊಂಡು ಆಮೇಲೆ ಸಹಿ ಹಾಕಿದರು. ಅವರು ಅಪ್‌ಲೋಡ್ ಮಾಡಿದ ಮೇಲೂ ಪ್ಯಾಕೇಜ್ ಹೊಸ ಪ್ಯಾಕೇಜುಗಳ ಸರದಿಯಲ್ಲಿ ಕಾಯಿತು. ಆಗ ಅಲ್ಲಿ ಭಂಡಾರವನ್ನು ನೋಡಿಕೊಳ್ಳುವ ಎಫ್‌ಟಿಪಿ ಮಾಸ್ಟರ್ ತಂಡದ ಸ್ವಯಂಸೇವಕರು ಪ್ರತಿ ಕಡತದ ಹಕ್ಕುಸ್ವಾಮ್ಯವನ್ನೂ ನೋಡುತ್ತಿದ್ದರು. 2023ರ ಜೂನ್ 10ರಂದು ಹೊರಬಂದ ಡೆಬಿಯನ್ 12ರಲ್ಲಿ ನಮ್ಮ ತಂತ್ರಾಂಶವೂ ಇತ್ತು.

ಡೆಬಿಯನ್ನಿನ ಬಿಡುಗಡೆಯಾದ ಆವೃತ್ತಿಯಾದ ಸ್ಟೇಬಲ್ ಸೇರಿದ ಮೇಲೆ ಕೆಲಸದ ಸ್ವರೂಪ ಬದಲಾಗುತ್ತದೆ. ಅಲ್ಲಿರುವ ಆವೃತ್ತಿಗೆ ಹೊಸ ಸೌಲಭ್ಯ ಸೇರಿಸುವಂತಿಲ್ಲ. ದೋಷ ಸರಿಪಡಿಸುವ ಅತಿ ಸಣ್ಣ ಪ್ಯಾಚನ್ನು ಮಾತ್ರ ಹಿಂದಕ್ಕೆ ಒಯ್ದು ಹಾಕಬೇಕು. ಹೊಸ ಕೋಡ್ ಬರೆಯುವ ಉತ್ಸಾಹ ಇರುವವರಿಗೆ ಇದು ರುಚಿಸದ ಕೆಲಸ. ನನಗೆ ಇದರಲ್ಲಿ ಒಂದು ಶಿಸ್ತು ಕಾಣುತ್ತದೆ, ಏಕೆಂದರೆ ನಾಲ್ಕು ಸಾಲಿನ ಪ್ಯಾಚನ್ನು ಇನ್ನೊಬ್ಬರು ನಿಜವಾಗಿಯೂ ಓದಿ ಒಪ್ಪಬಹುದು.

2024ರ ಮಾರ್ಚ್ 29ರ ಸುದ್ದಿ ಈ ಕ್ಷೇತ್ರದಲ್ಲಿರುವ ಎಲ್ಲರನ್ನೂ ತಟ್ಟಿತು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಗಮನಿಸಿದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಅದರ ಜಾಡು ಹಿಡಿದು ಹೋಗಿ, ಎಕ್ಸ್‌ಜೆಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದಾರೆ ಎಂದು ಪ್ರಕಟಿಸಿದರು. ಜಿಯಾ ಟಾನ್ ಎಂಬ ಹೆಸರಿನ ಖಾತೆ ವರ್ಷಗಳ ಕಾಲ ಸಹಾಯ ಮಾಡುತ್ತ, ಏಕಾಂಗಿಯಾಗಿ ಸಂಬಳವಿಲ್ಲದೆ ದುಡಿಯುತ್ತಿದ್ದ ಮೂಲ ನಿರ್ವಾಹಕರ ವಿಶ್ವಾಸ ಗಳಿಸಿ ಸಹನಿರ್ವಾಹಕನ ಸ್ಥಾನಕ್ಕೆ ಬಂದಿತ್ತು. ನಮ್ಮ ಕಾವಲು ಯಂತ್ರ ಪ್ರತಿ ಪ್ಯಾಕೇಜನ್ನೂ ಬಿಚ್ಚುವುದು ಇದೇ ಎಕ್ಸ್‌ಜೆಡ್‌ನ ಲೈಬ್ರರಿಯಿಂದ. ಡೆಬಿಯನ್ ಸ್ಟೇಬಲ್‌ಗೆ ಆ ಆವೃತ್ತಿಗಳು ತಲುಪಿರಲಿಲ್ಲವಾದ್ದರಿಂದ ನಮ್ಮ ಬಳಕೆದಾರರಲ್ಲಿ ಹೆಚ್ಚಿನವರು ಪಾರಾದರು. ಇನ್ನೂ ಸಿದ್ಧವಾಗುತ್ತಿರುವ ಆವೃತ್ತಿಗಳಾದ ಟೆಸ್ಟಿಂಗ್ ಮತ್ತು ಅನ್‌ಸ್ಟೇಬಲ್ ಬಳಸುತ್ತಿದ್ದವರಿಗೆ ನಾನು ಆ ರಾತ್ರಿಯೇ ಬರೆದೆ. ಆ ಹಿಂಬಾಗಿಲು ಗುರಿಯಿಟ್ಟಿದ್ದು ಎಸ್‌ಎಸ್‌ಎಚ್ ಸರ್ವರ್‌ಗೆ, ಬಿಚ್ಚುವ ಪ್ರೋಸೆಸ್‌ಗೆ ಅಲ್ಲ. ಆದರೂ ನಾಳೆ ಇನ್ನೊಂದು ಲೈಬ್ರರಿಯಲ್ಲಿ ಇಂಥದು ಬಂದರೆ, ಓದು ಬರೆ ಬಿಟ್ಟು ಬೇರೇನೂ ಮಾಡಲಾಗದ ಪ್ರೋಸೆಸ್‌ನೊಳಗೆ ಅದು ಎಷ್ಟು ದೂರ ಹೋದೀತು ಎಂಬ ಪ್ರಶ್ನೆಗೆ ನಮ್ಮಲ್ಲಿ ಒಂದು ಉತ್ತರವಿತ್ತು.

ಆ ಪ್ರಕರಣದ ಎರಡು ವಿವರಗಳು ನಮ್ಮ ಕೆಲಸದ ರೀತಿಯನ್ನು ನೇರವಾಗಿ ಬದಲಿಸಿದವು. ಮೊದಲನೆಯದು, ಹಿಂಬಾಗಿಲನ್ನು ಬಿಲ್ಡ್‌ಗೆ (ಕೋಡಿನಿಂದ ಓಡಬಲ್ಲ ಪ್ರೋಗ್ರಾಂ ಕಟ್ಟುವ ಕೆಲಸಕ್ಕೆ) ಎಳೆತರುವ ಸಾಲುಗಳು ಎಲ್ಲರೂ ನೋಡುವ ಗಿಟ್ ಕೋಶದಲ್ಲಿ (ಕೋಡಿನ ಬದಲಾವಣೆಗಳ ದಾಖಲೆಯಲ್ಲಿ) ಇರಲಿಲ್ಲ. ಬಿಡುಗಡೆಗೆಂದು ಪ್ರತ್ಯೇಕವಾಗಿ ಕಟ್ಟಿದ ಟಾರ್ ಕಟ್ಟಿನಲ್ಲಿ ಮಾತ್ರ ಇದ್ದವು. ಈಗ ನಾವು ಕೈಯಲ್ಲಿ ಕಟ್ಟಿದ ಟಾರ್ ಕಡತವನ್ನು ಬಿಡುಗಡೆ ಮಾಡುವುದೇ ಇಲ್ಲ. ಡೆಬಿಯನ್ ಪ್ಯಾಕೇಜ್ ಸಹಿ ಮಾಡಿದ ಗಿಟ್ ಟ್ಯಾಗ್‌ನಿಂದಲೇ (ಆ ದಾಖಲೆಯಲ್ಲಿ ಬಿಡುಗಡೆಗೆಂದು ಹಾಕಿದ ಗುರುತಿನಿಂದಲೇ) ಕಟ್ಟಲ್ಪಡುತ್ತದೆ. ಎರಡನೆಯದು, ಹಾನಿಕಾರಕ ಕೋಡ್ ಪರೀಕ್ಷೆಗೆಂದು ಇಟ್ಟಿದ್ದ ಕುಗ್ಗಿಸಿದ ಕಡತಗಳೊಳಗೆ ಅಡಗಿತ್ತು, ಅಂಥ ಕಡತಗಳನ್ನು ಕಣ್ಣಿಟ್ಟು ಓದುವವರು ಯಾರೂ ಇರುವುದಿಲ್ಲ. ನಮ್ಮಲ್ಲೂ ಕೆಟ್ಟ ಟಾರ್ ಕಟ್ಟುಗಳ ಮಾದರಿಗಳಿದ್ದವು. ಎಲ್ಲವನ್ನೂ ಅಳಿಸಿ, ಅವೇ ಬೈಟ್‌ಗಳನ್ನು ಪರೀಕ್ಷೆಯ ಹೊತ್ತಿನಲ್ಲಿ ಸೃಷ್ಟಿಸುವ ಓದಬಲ್ಲ ಕೋಡನ್ನು ಬರೆದೆವು. ಜೊತೆಗೆ, ಡೆಬಿಯನ್‌ನಲ್ಲಿ 2013ರಿಂದ ನಡೆಯುತ್ತಿರುವ ಪುನರುತ್ಪಾದ್ಯ ಬಿಲ್ಡ್‌ಗಳ ಪ್ರಯತ್ನಕ್ಕೆ ನಮ್ಮ ಪ್ಯಾಕೇಜನ್ನೂ ಒಗ್ಗಿಸಿದೆವು: ಬೇರೆ ಯಂತ್ರದಲ್ಲಿ, ಬೇರೆ ದಿನ, ಬೇರೆ ಡೈರೆಕ್ಟರಿಯಲ್ಲಿ ಕಟ್ಟಿದರೂ ಬೈಟ್ ಬೈಟ್ ಒಂದೇ ಬರಬೇಕು. ರಸ್ಟ್ ಕಂಪೈಲರ್ ದೋಷ ಸಂದೇಶಗಳೊಳಗೆ ಬಿಲ್ಡ್ ಡೈರೆಕ್ಟರಿಯ ಹಾದಿಯನ್ನು ಸೇರಿಸಿಬಿಡುತ್ತದೆ. ಆ ಹಾದಿಯನ್ನು ಒಂದು ಸ್ಥಿರ ಹೆಸರಿಗೆ ಬದಲಿಸುವಂತೆ ಹೇಳಿದ ಮೇಲೆ ಎರಡು ಬಿಲ್ಡ್‌ಗಳು ತಾಳೆಯಾದವು.

2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಎಚ್ಚರಿಕೆ ಬಂತು. ರಸ್ಟ್‌ನ ಅಸಿಂಕ್-ಟಾರ್ ಮತ್ತು ಅದರಿಂದ ಕವಲೊಡೆದ ಟೋಕಿಯೋ-ಟಾರ್ ಮುಂತಾದ ಕ್ರೇಟ್‌ಗಳಲ್ಲಿ ಸಿವಿಇ-2025-62518 ಎಂಬ ದಾಖಲೆ ಸಂಖ್ಯೆಯ ದೋಷ ಪ್ರಕಟವಾಯಿತು. ಟಾರ್ ಕಟ್ಟಿನಲ್ಲಿ ಒಂದೇ ಕಡತದ ಗಾತ್ರವನ್ನು ಎರಡು ಶಿರೋಲೇಖಗಳು ಹೇಳಬಹುದು. ಒಂದು ಶಿರೋಲೇಖ ನಿಜವಾದ ಗಾತ್ರವನ್ನೂ ಇನ್ನೊಂದು ಸೊನ್ನೆಯನ್ನೂ ಹೇಳಿದರೆ, ಈ ಕ್ರೇಟ್‌ಗಳು ಸೊನ್ನೆಯನ್ನು ನಂಬಿ, ಮುಂದೆ ಬರುವ ಕಡತದ ಒಳಗಿನ ಬೈಟ್‌ಗಳನ್ನೇ ಹೊಸ ಶಿರೋಲೇಖಗಳೆಂದು ಓದುತ್ತಿದ್ದವು. ಒಂದು ಕಟ್ಟಿನೊಳಗೆ ಇನ್ನೊಂದು ಕಟ್ಟನ್ನು ಅಡಗಿಸಿ ಕಡತಗಳನ್ನು ತೂರಿಸಬಹುದಿತ್ತು. ಮೆಮೊರಿ ಸುರಕ್ಷತೆ ಇರುವ ಭಾಷೆ ಇದನ್ನು ತಡೆಯಲಾರದು, ಏಕೆಂದರೆ ತಪ್ಪಿರುವುದು ತರ್ಕದಲ್ಲಿ. ಟೋಕಿಯೋ-ಟಾರ್‌ಗೆ ಪ್ಯಾಚ್ ಹಾಕಲು ನಿರ್ವಾಹಕರೇ ಇರಲಿಲ್ಲ ಎಂಬುದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ನಾವು ಆ ಕ್ರೇಟ್‌ಗಳನ್ನು ಬಳಸುತ್ತಿರಲಿಲ್ಲ. ಆದರೂ ಅಂಥದೇ ಕಟ್ಟುಗಳನ್ನು ಸೃಷ್ಟಿಸುವ ಪರೀಕ್ಷೆ ಬರೆದು, ಎರಡು ಗಾತ್ರಗಳು ತಾಳೆಯಾಗದಿದ್ದರೆ ಕಟ್ಟನ್ನೇ ತಿರಸ್ಕರಿಸುವಂತೆ ನಿಯಮ ಬಿಗಿ ಮಾಡಿದೆವು. ಡೆಬಿಯನ್ ಕಟ್ಟಿದ ಪ್ಯಾಕೇಜಿನಲ್ಲಿ ಅಂಥ ಅಸಂಗತಿ ಇರಲು ಕಾರಣವೇ ಇಲ್ಲ.

ದೋಷ ವರದಿಗಳನ್ನು ಸ್ವೀಕರಿಸುವುದು ನಿರ್ವಾಹಕರ ಕೆಲಸದಲ್ಲಿ ಹೆಚ್ಚು ಹೊತ್ತು ತಿನ್ನುವ ಭಾಗ. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯಿಂದ ಬರೆಸಿದ, ಓದಲು ನಯವಾದ, ಪರೀಕ್ಷಿಸಿದರೆ ಆಧಾರವಿಲ್ಲದ ವರದಿಗಳು ಹೆಚ್ಚಾಗಿವೆ. ಒಂದೊಂದನ್ನೂ ಸುಳ್ಳೆಂದು ಖಚಿತಪಡಿಸಿಕೊಳ್ಳಲು ಒಂದು ಸಂಜೆ ಬೇಕು. ಆದ್ದರಿಂದ ದೋಷವನ್ನು ತೋರಿಸುವ, ಓಡಿಸಿ ನೋಡಬಹುದಾದ ಪರೀಕ್ಷೆಯೊಂದು ಜೊತೆಗಿರಲೇಬೇಕೆಂದು ನಿಯಮ ಮಾಡಿದ್ದೇವೆ. ನಿಜವಾದ ದೋಷ ಡೆಬಿಯನ್‌ನಂಥ ಬೇರೆ ವಿತರಣೆಗಳಿಗೂ ಸಂಬಂಧಿಸಿದ್ದರೆ ಲಿನಕ್ಸ್ ವಿತರಣೆಗಳ ಭದ್ರತಾ ತಂಡಗಳಿಗೆ ಗುಟ್ಟಾಗಿ ತಿಳಿಸುವ ವ್ಯವಸ್ಥೆಯಿದೆ, ಅಲ್ಲಿ ಗುಟ್ಟು ಕಾಯುವ ಗರಿಷ್ಠ ಅವಧಿ 14 ದಿನ. ಆ ಮಿತಿ ಸರಿಯಾದದ್ದು ಎಂದು ನಾನು ಬಲವಾಗಿ ನಂಬುತ್ತೇನೆ. ಮುಚ್ಚಿಟ್ಟ ದೋಷ ಹೆಚ್ಚು ಕಾಲ ಮುಚ್ಚಿರುವುದಿಲ್ಲ.

ನೀವು ಇಲ್ಲದಿದ್ದರೆ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಎಕ್ಸ್‌ಜೆಡ್ ಪ್ರಕರಣದ ನಂತರ ಅಂಜಿಕೆ ಹೆಚ್ಚಾಗಿತ್ತು. ಸಹಾಯಕ್ಕೆ ಬರುವವರನ್ನೆಲ್ಲ ಅನುಮಾನದಿಂದ ನೋಡಿದರೆ ಯೋಜನೆ ಒಬ್ಬರ ಹೆಗಲ ಮೇಲೇ ಸಾಯುತ್ತದೆ. ಶಿವಮೊಗ್ಗದ ಕಡೆಯ ಒಬ್ಬ ಎಂಜಿನಿಯರ್ ಮೊದಲು ಕೈಪಿಡಿಯ ಕನ್ನಡ ಅನುವಾದ ತಿದ್ದಿ ಕಳುಹಿಸಿದರು, ಆಮೇಲೆ ಸೆಕಾಂಪ್ ಸೋಸುಕದಲ್ಲಿ ಬಳಕೆಯಾಗದ ಎರಡು ಸಿಸ್ಟಮ್ ಕಾಲ್‌ಗಳು ಇನ್ನೂ ಉಳಿದಿವೆ ಎಂದು ತೋರಿಸಿದರು. ಕೆಲಸದ ಗುಣ ನೋಡಿ ಅವರನ್ನೇ ಸಹನಿರ್ವಾಹಕರಾಗಲು ಕೇಳಿದೆ. "ಆಗಲಿ ಸರ್, ಆದರೆ ನನ್ನ ಬದಲಾವಣೆಯನ್ನು ನೀವು ಓದದೆ ಒಪ್ಪಬಾರದು, ನಿಮ್ಮದನ್ನು ನಾನೂ ಹಾಗೇ ಬಿಡೋದಿಲ್ಲ" ಎಂದರು. ಅದೇ ನಿಯಮವಾಯಿತು. ಯಾರ ಬದಲಾವಣೆಯಾದರೂ ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಮುಖ್ಯ ಶಾಖೆಗೆ ಸೇರುವುದಿಲ್ಲ, ಬಿಡುಗಡೆಯ ಟ್ಯಾಗ್‌ಗೆ ಇಬ್ಬರೂ ತಮ್ಮ ತಮ್ಮ ಯಂತ್ರದಲ್ಲಿ ಕಟ್ಟಿ, ಹ್ಯಾಶ್ ತಾಳೆ ನೋಡಿದ ಮೇಲೆಯೇ ಸಹಿ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿರುವ ನಮ್ಮ ತಂತ್ರಾಂಶದ ಆವೃತ್ತಿಯನ್ನು ಸಿದ್ಧಪಡಿಸಿದ್ದು ಬಹುಪಾಲು ಅವರೇ.

ಈಗ ಕೈಯಲ್ಲಿರುವ ಕೆಲಸ ಡೆಬಿಯನ್ ಆಧಾರಿತ ಉಬುಂಟು ಬಳಸುವವರ ಬೇಡಿಕೆಗೆ ಸಂಬಂಧಿಸಿದ್ದು. ಉಬುಂಟು 21.10ರಿಂದ ಈಚೆಗೆ ತನ್ನ ಪ್ಯಾಕೇಜುಗಳನ್ನು ಎಕ್ಸ್‌ಜೆಡ್ ಬದಲು ಝಡ್‌ಸ್ಟ್ಯಾಂಡರ್ಡ್‌ನಿಂದ ಕುಗ್ಗಿಸುತ್ತದೆ, ಅವನ್ನು ಬಿಚ್ಚಬೇಕಾದರೆ ಇನ್ನೊಂದು ಲೈಬ್ರರಿ ನಮ್ಮೊಳಗೆ ಬರಬೇಕು. ಸೇರಿಸಲು ಇಬ್ಬರೂ ಒಪ್ಪಿದ್ದೇವೆ, ಆದರೆ ಎಕ್ಸ್‌ಜೆಡ್ ಇರುವ ಪ್ರೋಸೆಸ್‌ಗೆ ಅಲ್ಲ. ಅದಕ್ಕೆ ತನ್ನದೇ ಪ್ರೋಸೆಸ್, ಅದೇ ಬಿಗಿಯಾದ ಸ್ಥಿತಿ. ಆ ಲೈಬ್ರರಿ ನಡುವೆ ಮೆಮೊರಿ ಕೇಳುವ ಎಡೆಗಳನ್ನು ಮೊದಲೇ ಪಡೆದ ಮೆಮೊರಿಯತ್ತ ತಿರುಗಿಸುವ ಪ್ಯಾಚ್ ಪರಿಶೀಲನೆಯಲ್ಲಿದೆ, ಫಜ್ಜಿಂಗ್ (ಅಡ್ಡಾದಿಡ್ಡಿ ಬೈಟ್‌ಗಳನ್ನು ಕೊಟ್ಟು ದೋಷ ಹುಡುಕುವ ಪರೀಕ್ಷೆ) ಮುಗಿಯುವವರೆಗೆ ಅದನ್ನು ಮುಖ್ಯ ಶಾಖೆಗೆ ಸೇರಿಸುವುದಿಲ್ಲ.